ಬಳೇಪೇಟೆಯಲ್ಲಿ ತುಟಿಗೊಂದು ಅಳತೆ

ಚಿಕ್ಕಪೇಟೆಗೆ ಜನ ಹೆಚ್ಚಾಗಿ ಬರುವುದು ಮದುವೆ ಸಾಮಾನಿಗೆ. ರೇಷ್ಮೆ ಸೀರೆ, ಪಂಚೆ, ಬೆಳ್ಳಿ ದೀಪ, ಲಗ್ನಪತ್ರಿಕೆ ಎಂದು ಪಟ್ಟಿ ಹಿಡಿದ ಸಂಸಾರಗಳು ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿಯುತ್ತಲೇ ಇರುತ್ತವೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿದರೆಂಬುದು ಪ್ರತೀತಿ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ತರಗುಪೇಟೆ. ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಈ ಸಾಲಿನಲ್ಲಿ ಬಳೇಪೇಟೆಗೆ ಬಳೆಯ ಹೆಸರಿದ್ದರೂ ಇನ್ನೊಂದು ಖ್ಯಾತಿಯೂ ಅಂಟಿಕೊಂಡಿದೆ. ಸಂಗೀತದ ವಾದ್ಯ ಬೇಕೆಂದರೆ ಬೆಂಗಳೂರಿನವರು ಬೆರಳು ತೋರಿಸುವುದು ಇತ್ತಲೇ.

2017ರಲ್ಲಿ ಚಿಕ್ಕಪೇಟೆಗೆ ಮೆಟ್ರೊ ನಿಲ್ದಾಣ ಬಂದ ಮೇಲೆ ಇಲ್ಲಿಗೆ ತಲುಪುವುದು ಸುಲಭವಾಗಿದೆ. ನಿಲ್ದಾಣದಿಂದ ಮೇಲೆ ಬಂದರೆ ಸಾಕು, ಬಳೇಪೇಟೆ ನಡೆದು ಹೋಗುವಷ್ಟೇ ದೂರ. ಕೈಗಾಡಿ, ಸ್ಕೂಟರು, ತಲೆ ಮೇಲೆ ಬಟ್ಟೆಯ ಗಂಟು ಹೊತ್ತವರ ನಡುವೆ ದಾರಿ ಮಾಡಿಕೊಳ್ಳುವುದೇ ಒಂದು ವಿದ್ಯೆ. ವಾದ್ಯದ ಅಂಗಡಿಗಳಲ್ಲಿ ವೀಣೆ, ತಂಬೂರಿ, ಮೃದಂಗ, ತಬಲ, ಹಾರ್ಮೋನಿಯಂಗಳು ಕಾಣಸಿಗುತ್ತವೆ. ಅವುಗಳ ನಡುವೆ ಹಳದಿಯಾಗಿ ಹೊಳೆಯುವ ಟ್ರಂಪೆಟ್ಟು.

ಟ್ರಂಪೆಟ್ಟಿಗೂ ಚಿಕ್ಕಪೇಟೆಗೂ ಏನು ನಂಟು ಎಂದು ಕೇಳುವವರು ಮದುವೆಯ ಮೆರವಣಿಗೆಯನ್ನು ನೆನೆಯಬೇಕು. ಕೆಂಪು ಕೋಟು ತೊಟ್ಟ ಬ್ಯಾಂಡ್‌ಸೆಟ್ಟಿನವರಿಲ್ಲದೆ ಹಳೇ ಬೆಂಗಳೂರಿನಲ್ಲಿ ಎಷ್ಟು ಮದುವೆಗಳಾದವು! ಆ ಹಿತ್ತಾಳೆ ವಾದ್ಯಗಳ ತವರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಾಲಿ ಕೋಠಿ ಪ್ರದೇಶದಲ್ಲಿ ಬ್ಯಾಂಡ್ ವಾದ್ಯ ತಯಾರಿಕೆ ಮನೆಮನೆಯ ಕಸುಬು. ನಾದಿರ್ ಅಲಿ ಕಂಪನಿ ಅಲ್ಲಿ 1885ರಿಂದ ಇದೆ. ಇತ್ತ ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಎಂದು ಹೆಸರಾದದ್ದು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾಝ್ ಕಲಾವಿದ ಜಾನ್ ಹ್ಯಾಂಡಿ ತಾವೂ ಜೊತೆಗೂಡಿ ನುಡಿಸಿದರು. ಟ್ರಂಪೆಟ್ಟಿನಲ್ಲಿ ಅಂಥ ದೊಡ್ಡ ಹೆಸರು ಗೋವೆಯ ಚಿಕ್ ಚಾಕೊಲೇಟ್ ಅವರದು. ನಿಜನಾಮ ಆಂಟೋನಿಯೊ ಝೇವಿಯರ್ ವಾಜ್. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದು ಕರೆಸಿಕೊಂಡ ಅವರು ಸಿ. ರಾಮಚಂದ್ರರ ಸಿನಿಮಾ ಸಂಗೀತದಲ್ಲೂ ದುಡಿದರು.

ಈಗ ಬಳೇಪೇಟೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಾರೆ. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿದು ಒಂದೋ ಎರಡೋ ವರ್ಷವಾದ ಮಗ ಅಥವಾ ಮಗಳು, ಜೊತೆಗೆ ಅಪ್ಪ. ಮಗುವಿಗೆ ಜಾಝ್ ಹುಚ್ಚು ಹಿಡಿದಿದೆ. ಕೇಳುವುದು ಒಂದೇ ಮಾತು: "ಅಣ್ಣಾ, ಜಾಝ್ ಮೌತ್‌ಪೀಸ್ ಇದೆಯಾ?" ಅಪ್ಪನ ಪ್ರಶ್ನೆ ಬೇರೆ: "ಇಷ್ಟು ಚಿಕ್ಕ ಹಿತ್ತಾಳೆ ತುಂಡಿಗೆ ಇಷ್ಟು ದುಡ್ಡೇ ಸಾರ್?"

ಅಪ್ಪನ ಪ್ರಶ್ನೆ ನ್ಯಾಯವಾದದ್ದು. ದೇಶದಲ್ಲೇ ಮಾಡಿದ್ದರ ಬೆಲೆ ನೂರರ ಲೆಕ್ಕದಲ್ಲಿ, ಹೊರದೇಶದ್ದರ ಬೆಲೆ ಸಾವಿರದ ಲೆಕ್ಕದಲ್ಲಿ. ಆದರೆ ಆ ಚಿಕ್ಕ ತುಂಡೇ ಅರ್ಧ ವಾದ್ಯ ಎಂದರೂ ತಪ್ಪಿಲ್ಲ. ಟ್ರಂಪೆಟ್ಟಿನೊಳಗೆ ಪೀಪಿಯಿಲ್ಲ. ನಾದ ಹುಟ್ಟುವುದು ನುಡಿಸುವವರ ತುಟಿಯ ಕಂಪನದಿಂದ. ಆ ತುಟಿ ಒರಗುವ ಜಾಗವೇ ಮೌತ್‌ಪೀಸು. ನಮ್ಮ ನಾಗಸ್ವರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾದ್ಯಕ್ಕೆ ದಾರ ಕಟ್ಟಿ ನಾಲ್ಕಾರು ಪೀಪಿ ಇಳಿಬಿಟ್ಟುಕೊಂಡು, ಆ ಹೊತ್ತಿಗೆ ಹೊಂದುವುದನ್ನು ಆರಿಸಿಕೊಳ್ಳುವವರು ಅವರು.

ಮೌತ್‌ಪೀಸಿನಲ್ಲಿ ನೋಡಬೇಕಾದದ್ದು ಮೊದಲು ಅಂಚು, ಅಂದರೆ ತುಟಿಗೆ ತಾಗುವ ಬಳೆ. ಅದರೊಳಗಿನ ಬಟ್ಟಲು ಆಳವಾಗಿದ್ದರೆ ನಾದ ದುಂಡಗೆ, ಗಂಭೀರವಾಗಿ ಬರುತ್ತದೆ. ತೆಳುವಾಗಿದ್ದರೆ ಹರಿತ, ಹೊಳಪು ಹೆಚ್ಚು. ತಾರಸ್ಥಾಯಿಯಲ್ಲಿ ನುಡಿಸುವುದು ಕೊಂಚ ಹಗುರ. ಬಟ್ಟಲಿನ ತಳದ ತೂತು ಮಾಮೂಲಿಯಾಗಿ ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಅಲ್ಲಿಂದಾಚೆಗಿನ ಕೊಳವೆಯ ಒಳಗಿನ ಇಳಿಜಾರೂ ನಾದ ಬದಲಿಸುತ್ತದೆ. ಮೊದಲ ಸಲ ಕೊಳ್ಳುವವರು ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಗೊಂದಲವೆಲ್ಲ ಮೇಲೆ ಕೆತ್ತಿದ ಅಂಕಿಗಳದು. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋದ ಟ್ರಂಪೆಟ್ ವಾದಕ ವಿನ್ಸೆಂಟ್ ಬಾಕ್ 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ಮಾಡತೊಡಗಿದರು. ಬಾಕ್ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ. ಅಕ್ಷರ 'ಎ'ಯಿಂದ ಮುಂದೆ ಹೋದಂತೆ ಬಟ್ಟಲು ತೆಳು. ಯಮಾಹಾ ಮತ್ತು ಶಿಲ್ಕಿ ಲೆಕ್ಕ ಇದಕ್ಕೆ ತಿರುಗುಮುರುಗು, ಅಂಕಿ ದೊಡ್ಡದಾದರೆ ಬಾಯಿ ಅಗಲ. ಇದು ಗೊತ್ತಿಲ್ಲದೆ ಬಾಕ್ 7ಸಿ ಬಿಟ್ಟು ಯಮಾಹಾ 11ಸಿ4 ಕೊಂಡು 'ದೊಡ್ಡದಕ್ಕೆ ಹೋದೆ' ಎಂದುಕೊಳ್ಳುವ ಮಕ್ಕಳಿದ್ದಾರೆ. ನಿಜಕ್ಕೂ ಅವೆರಡೂ ಹೆಚ್ಚುಕಡಿಮೆ ಒಂದೇ ಅಳತೆಯವು, ಕಲಿಯುವವರ ಟ್ರಂಪೆಟ್ ಪೆಟ್ಟಿಗೆಯಲ್ಲಿ ಜೊತೆಗೇ ಬರುವಂಥವು. ಬಾಕ್ 7ಸಿಯ ಬಾಯಿ 16.20 ಮಿಲಿಮೀಟರ್, 3ಸಿಯದು 16.30. ಎರಡಕ್ಕೂ ಇರುವ ಅಂತರ ಒಂದು ತಲೆಗೂದಲಿನಷ್ಟು! ಆದರೂ ತುಟಿಗೆ ವ್ಯತ್ಯಾಸ ತಿಳಿಯುತ್ತದೆ. ಅಂಚಿನ ಆಕಾರವೂ ಬೇರೆಯಾಗಿರುವುದೇ ಅದಕ್ಕೆ ಕಾರಣ.

ಹಾಗಾದರೆ ಜಾಝ್‌ಗೆ ಯಾವುದು? ಇಲ್ಲೇ ಮಕ್ಕಳು ಎಡವುವುದು. ದೊಡ್ಡ ಬ್ಯಾಂಡಿನಲ್ಲಿ ಎಲ್ಲರಿಗಿಂತ ಮೇಲೆ ಕೂಗುವ ಮೊದಲ ಟ್ರಂಪೆಟ್ಟಿನವರು ತೆಳು ಬಟ್ಟಲು ಬಳಸುತ್ತಾರೆ. ರಾತ್ರಿಯಿಡೀ ತಾರಸ್ಥಾಯಿ ಹಿಡಿಯಬೇಕಲ್ಲ. ನಾಲ್ಕೈದು ಮಂದಿಯ ಮೇಳದಲ್ಲಿ ಮನೋಧರ್ಮದಿಂದ ನುಡಿಸುವವರ ಕಥೆಯೇ ಬೇರೆ. ಮೈಲ್ಸ್ ಡೇವಿಸ್ ಹೆಚ್ಚುಕಾಲ ಬಳಸಿದ್ದು ಹೈಮ್ ಎಂಬ ಆಳದ ಬಟ್ಟಲಿನ ಮೌತ್‌ಪೀಸನ್ನು. ಇಬ್ಬರದೂ ಜಾಝೇ. ಹೀಗಿರುವಾಗ 'ಜಾಝ್ ಮೌತ್‌ಪೀಸ್' ಎಂಬ ಜಾತಿಯೇ ಇಲ್ಲ ಎನ್ನುವುದು ಸರಿ. ಒಂದೇ ರಾಗವನ್ನು ಇಬ್ಬರು ಹಾಡಿದರೆ ಎರಡು ಬಣ್ಣ ಬರುವುದಿಲ್ಲವೇ?

ತೆಳು ಬಟ್ಟಲಿನ ಆಸೆಗೆ ಇನ್ನೊಂದು ಅಪಾಯವಿದೆ. ಅಂಗಡಿಯಲ್ಲಿ ಅದನ್ನು ಸಿಕ್ಕಿಸಿದ ಕೂಡಲೇ ನಿನ್ನೆವರೆಗೆ ಬಾರದಿದ್ದ ಮೇಲಿನ ಸ್ವರವೊಂದು ಬಂದುಬಿಡುತ್ತದೆ. ಹುಡುಗ ಹಿಗ್ಗುತ್ತಾನೆ, ಅಪ್ಪ ಜೇಬಿಗೆ ಕೈ ಹಾಕುತ್ತಾರೆ. ಮನೆಗೆ ಹೋಗಿ ಅರ್ಧ ಗಂಟೆ ನುಡಿಸಿದರೆ ನಾದ ಬಡಕಲಾಗುತ್ತದೆ. ಉಸಿರಿನ ಬಲ ಇನ್ನೂ ಕೂಡಿರದ ಮಗು ಸ್ವರ ಏರಿಸಲು ವಾದ್ಯವನ್ನು ತುಟಿಗೆ ಒತ್ತಲು ಶುರುಮಾಡುತ್ತದೆ. ಒತ್ತಿದಷ್ಟೂ ತುಟಿ ದಣಿಯುತ್ತದೆ, ಊದಿಕೊಳ್ಳುತ್ತದೆ. ಆರ್ಮ್‌ಸ್ಟ್ರಾಂಗರಂಥ ಆರ್ಮ್‌ಸ್ಟ್ರಾಂಗರೇ 1930ರ ದಶಕದ ನಡುವೆ ತುಟಿಯ ಗಾಯದಿಂದ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಂತೂ ಇನ್ನೂ ಜೋಪಾನವಾಗಿರಬೇಕು. ಅವರಿಗೆ ಚೂಪು ಅಂಚಿಗಿಂತ ದುಂಡು ಅಂಚು ವಾಸಿ. ಆದ್ದರಿಂದ ಎರಡು ಮೂರು ವರ್ಷ ಕಲಿತವರಿಗೂ 7ಸಿ, 5ಸಿ, 3ಸಿ ಇಂಥ ನಡುಮಟ್ಟದವೇ ಸಾಕು. ಈಗಿರುವುದರಲ್ಲಿ ತೊಂದರೆ ಇಲ್ಲವೆಂದು ಗುರುಗಳು ಹೇಳಿದರೆ ಏನನ್ನೂ ಕೊಳ್ಳದೆ ಮನೆಗೆ ಬರುವುದೇ ಜಾಣತನ.

ಕೊಳ್ಳಲೇಬೇಕಾದರೆ ತಮ್ಮ ಟ್ರಂಪೆಟ್ಟನ್ನೇ ಜೊತೆಗೆ ಒಯ್ಯಬೇಕು. ಹಳೆಯ ಮೌತ್‌ಪೀಸೂ ಇರಲಿ. ಮೊದಲು ಬೆರಳಿನಿಂದ ಅಂಚು ಸವರಿ ನೋಡಬೇಕು. ಅಗ್ಗದ ಮಾಲಿನಲ್ಲಿ ಲೇಪನ ಸಮನಾಗಿರುವುದಿಲ್ಲ, ತೂತು ಓರೆಯಾಗಿರುವುದೂ ಉಂಟು. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಬೆಳ್ಳಿಯ ಲೇಪ ಎದ್ದು ಹಿತ್ತಾಳೆ ಕಾಣುತ್ತಿದ್ದರೆ ಬೇಡವೇ ಬೇಡ, ಕೆಲವರ ತುಟಿಗೆ ಅದು ಆಗಿಬರುವುದಿಲ್ಲ. ಕಾರ್ನೆಟ್ಟಿನ ಮೌತ್‌ಪೀಸನ್ನು ಟ್ರಂಪೆಟ್ಟಿನದೆಂದು ತಿಳಿದು ತರುವುದೂ ನಡೆದೀತು. ಅದರ ಕಾಂಡ ಸಣ್ಣ, ಟ್ರಂಪೆಟ್ಟಿನಲ್ಲಿ ಸಡಿಲವಾಗಿ ಒಳಕ್ಕಿಳಿಯುತ್ತದೆ.

ಹತ್ತು ಜನ ಊದಿ ನೋಡಿದ್ದನ್ನು ತೊಳೆಯದೆ ತುಟಿಗಿಡಬಾರದು. ಕೇಳಲು ನಾಚಿಕೆ ಏಕೆ? ತೊಳೆದ ಮೇಲೆ ಜೋರಾದ ಸ್ವರದಿಂದ ಶುರುಮಾಡದೆ, ಕೆಳಗಿನ ಸ್ವರವೊಂದನ್ನು ಮೆಲ್ಲಗೆ, ಉದ್ದಕ್ಕೆ ಎಳೆಯಬೇಕು. ಮೆಲುದನಿ ಒಡೆಯದೆ ಹೊರಟರೆ ಮೌತ್‌ಪೀಸು ಹೊಂದಿದಂತೆ. ಬಳಿಕ ಹಳೆಯದರಲ್ಲೂ ಅದನ್ನೇ ನುಡಿಸಬೇಕು. ಅಪ್ಪ ನಾಲ್ಕು ಹೆಜ್ಜೆ ದೂರ ನಿಂತು, ಯಾವುದು ಯಾವುದೆಂದು ನೋಡದೆ ಕಿವಿಗೊಟ್ಟರೆ ಒಳ್ಳೆಯದು. ಸಂಗೀತ ತಿಳಿಯದ ಅಪ್ಪನ ಕಿವಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರಗೆ ಹಾರ್ನಿನ ಗದ್ದಲ ಎಷ್ಟೇ ಇದ್ದರೂ ಹದಿನೈದು ನಿಮಿಷವಾದರೂ ಕಳೆಯಬೇಕು. ಹೊಂದದಿದ್ದರೆ ಬದಲಾಯಿಸಿ ಕೊಡುವಿರಾ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ಕೇಳಿಕೊಳ್ಳಬೇಕು.

ಮನೆಗೆ ತಂದ ಮೇಲೆ ವಾರಕ್ಕೊಮ್ಮೆ ಉಗುರುಬೆಚ್ಚನೆ ನೀರು, ಸೋಪು, ಸಣ್ಣ ಬ್ರಷ್ಷು. ಸಿಕ್ಕಿಸುವಾಗ ಮೆಲ್ಲಗೆ ತಿರುಗಿಸಿದರೆ ಸಾಕು, ಅಂಗೈಯಿಂದ ಗುದ್ದಿದರೆ ಒಳಗೇ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡಾಗ ಅಪ್ಪಂದಿರು ಇಕ್ಕಳ ಹುಡುಕಬಾರದು. ತಿರುಚಿದರೆ ಟ್ರಂಪೆಟ್ಟಿನ ಕೊಳವೆಯ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ. ಅದನ್ನು ಎಳೆದು ತೆಗೆಯಲೆಂದೇ ಒಂದು ಪುಟ್ಟ ಸಾಧನವಿದೆ; ಹಿತ್ತಾಳೆ ವಾದ್ಯ ರಿಪೇರಿ ಮಾಡುವವರ ಬಳಿ ಹೋದರೆ ಎರಡು ನಿಮಿಷದ ಕೆಲಸ.