ಕಾದ ಕೋಣೆಯ ಫುಟ್‌ಬಾಲ್

ರಾಯಚೂರಿನ ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ತಣ್ಣಗಿರಲಿ ಎನ್ನುವುದೇ ದುರಾಸೆ. ಅದರ ಫ್ಯಾನು ತಂಪನ್ನೇನೂ ಹುಟ್ಟಿಸುವುದಿಲ್ಲ; ಕೋಣೆಯ ಗಾಳಿ ಎಳೆದುಕೊಂಡು ಒಳಗಿನ ಕಾವನ್ನು ಹೊರಹಾಕುತ್ತದೆ, ಅಷ್ಟೆ. ನಮ್ಮ ಚಾವಣಿಯೋ ರಾತ್ರಿ ಹತ್ತಕ್ಕೂ ಕಾದ ಹಂಚು. ಪ್ರೊಸೆಸರ್ 95 ಡಿಗ್ರಿ ದಾಟಿತೆಂದರೆ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಪರದೆಯ ಆಟಗಾರರು ಕೆಸರುಗದ್ದೆಯಲ್ಲಿ ಓಡಿದಂತೆ ಓಡುತ್ತಾರೆ.

ಆಟ ಹಾಳಾಗಲಿ. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ಫೋನಿನಲ್ಲಿ ‘ಊಟ ಆತೇನು?’ ದಾಟಿ ಮುಂದೆ ಹೋಗುವವನಲ್ಲ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಆಡುವಾಗ ಮಾತ್ರ, ಚೆಂಡಿನ ಮೇಲೆ ಕಣ್ಣಿಟ್ಟುಕೊಂಡೇ, ಮನೆ ಬಾಡಿಗೆ, ಅಪ್ಪನ ಮಂಡಿನೋವು, ಆಫೀಸಿನ ಕಿರಿಕಿರಿ ಎಲ್ಲ ಬಾಯಿಗೆ ಬರುತ್ತವೆ. ಚಿತ್ರ ತಡವರಿಸಿದರೆ ‘ಇರಲಿ ಬಿಡೊ, ನಾಳಿಗೆ ನೋಡೂಣು’ ಎಂದು ಎದ್ದುಬಿಡುತ್ತಾನೆ. ಮರುದಿನ ಆ ಮಾತು ಮತ್ತೆ ಬರುವುದಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಬಿಚ್ಚಿಸಿದೆ. ಫ್ಯಾನಿಗೂ ಕಾವು ಹೊರಹೋಗುವ ಲೋಹದ ತೆಳು ರೆಕ್ಕೆಗಳಿಗೂ ನಡುವೆ ಧೂಳು ಹಾಸಿಗೆಯಂತೆ ಕೂತಿತ್ತು. (ಹತ್ತಿ ಮಾರುಕಟ್ಟೆಯ ಊರು, ಇನ್ನೇನು!) ರಿಪೇರಿಯವರು ಪ್ರೊಸೆಸರ್ ಮೇಲೆ ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಕೊಟ್ಟರು. ಕೆಳಗಿನಿಂದ ಗಾಳಿ ಆಡಲೆಂದು ಹಿಂಬದಿಯ ಎರಡು ಮೂಲೆಗೂ ಒಂದೊಂದು ಪುಸ್ತಕ ಕೊಟ್ಟೆ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬಿಟ್ಟಿ ಉಪಾಯ: ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್‌ಗಳ ಮಿತಿ 60. ನನ್ನ ಪರದೆ ಸೆಕೆಂಡಿಗೆ ತೋರಿಸುವುದೇ 60 ಚಿತ್ರ; ಯಾರೂ ಕಾಣದ ಉಳಿದ ಚಿತ್ರಗಳಿಗಾಗಿ ಅದು ಬೆವರುವುದೇಕೆ?

ನಿನ್ನೆ 82 ಡಿಗ್ರಿ ದಾಟಲಿಲ್ಲ. ಅಣ್ಣ ಎರಡು ಗೋಲು ಬಿಟ್ಟುಕೊಟ್ಟ. ರಾಜೀನಾಮೆ ಪತ್ರ ಬರೆದಿಟ್ಟಿದ್ದಾನಂತೆ. ಅಪ್ಪನಿಗೆ ಹೇಳಿಲ್ಲ.