ಲ್ಯಾಪ್‌ಟಾಪಿಗೆ ಗಾಳಿ ಹಾಕಿದ ತಾತ

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನೋ ಹಳೇ ನೆಪ ಹೇಳಲ್ಲ. ಸೋಮಾರಿತನ, ಅಷ್ಟೇ :) ಆದ್ರೆ ಈ ಸಲ ಊರಿಗೆ ಹೋದಾಗ ನಡೆದದ್ದನ್ನ ಬರೆಯದೆ ಇರೋಕಾಗ್ಲಿಲ್ಲ.

ಮೊದಲು ಒಂದು ತಪ್ಪೊಪ್ಪಿಗೆ. ನನ್ನ ಲ್ಯಾಪ್‌ಟಾಪಿನಲ್ಲಿ 61 ಸಾಫ್ಟ್‌ವೇರ್ ಸಿಂಥಸೈಜರ್‌ಗಳಿದ್ದವು. ಗೊತ್ತಿಲ್ಲದವರಿಗೆ ಹೇಳ್ತೀನಿ: ತಂತಿ, ಚರ್ಮ, ಕೊಳವೆ ಏನೂ ಇಲ್ಲದೆ, ಬರೀ ಲೆಕ್ಕ ಮಾಡಿ ನಾದ ಹುಟ್ಟಿಸೋ ಪ್ರೋಗ್ರಾಂಗಳಿವು. 1999ರಲ್ಲಿ ಸ್ಟೈನ್‌ಬರ್ಗ್ ಕಂಪನಿಯವರು ವಿಎಸ್‌ಟಿ ಎರಡನೇ ಆವೃತ್ತಿ ತಂದ ಮೇಲೆ, ಇಂಥ ವಾದ್ಯವನ್ನ ಯಾರು ಬೇಕಾದ್ರೂ ಬರೆದು ಹಂಚಬಹುದು ಅನ್ನೋ ಹಾಗಾಯ್ತು. ಆಮೇಲೆ ಬಂದವು ನೋಡಿ, ಸಾವಿರಾರು. ಎಷ್ಟೋ ಒಳ್ಳೆಯವು ಉಚಿತವಾಗೇ ಸಿಗ್ತವೆ. ಇಂಜಿನಿಯರಿಂಗ್ ಓದೋವಾಗ ಹಾಸ್ಟೆಲ್ಲಿನಲ್ಲಿ ಒಂದರಿಂದ ಶುರು ಮಾಡಿದವನು, ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ 61ಕ್ಕೆ ಮುಟ್ಟಿದ್ದೆ.

ಈ 61ರಿಂದ ನಾಲ್ಕು ವರ್ಷದಲ್ಲಿ ನಾನು ಮುಗಿಸಿದ ಹಾಡುಗಳು ಎಷ್ಟು ಗೊತ್ತಾ? ಸೊನ್ನೆ.

ಪ್ರತಿ ಶನಿವಾರ ರಾತ್ರಿ ಕೂರ್ತಿದ್ದೆ. ಒಂದು ಸಿಂಥ್ ತೆಗೆದು ಅದರ ಸಿದ್ಧ ನಾದಗಳನ್ನ ಒಂದೊಂದಾಗಿ ಕೇಳ್ತಿದ್ದೆ. ಆಹಾ ಅನ್ನಿಸ್ತಿತ್ತು. ಮುಂದಿನದು ಇನ್ನೂ ಚೆನ್ನಾಗಿರಬಹುದು ಅಂತ ಮುಂದಕ್ಕೆ. ಎರಡು ಗಂಟೆ ಹೊತ್ತಿಗೆ ಕಿವಿ ದಣಿದು ಮಲಗಿಬಿಡ್ತಿದ್ದೆ. ಜವಳಿ ಅಂಗಡೀಲಿ ನೂರು ಸೀರೆ ಬಿಡಿಸಿ ನೋಡಿ ಬರಿಗೈಲಿ ವಾಪಸ್ ಬರ್ತಾರಲ್ಲ, ಹಾಗೆ. ಸ್ಫೂರ್ತಿ ಕೊಡೋ ಸಿಂಥ್ ಇನ್ನೂ ಸಿಕ್ಕಿಲ್ಲ, ಅದಕ್ಕೇ ಹಾಡು ಆಗ್ತಿಲ್ಲ ಅಂತಾನೇ ನಂಬಿದ್ದೆ.

ಈಗ ತಾತನ ವಿಷಯಕ್ಕೆ ಬರ್ತೀನಿ.

ನಮ್ಮದು ಸಿರುಗುಪ್ಪ. ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ, ಉಳಿದ ಬಳ್ಳಾರಿ ಸೀಮೆಯ ಹಾಗೇ ತಲೆ ಸುಡೋ ಬಿಸಿಲು. ಅಮ್ಮನ ಅಪ್ಪ, ಅಂದ್ರೆ ನಮ್ಮ ತಾತ, ಹಾರ್ಮೋನಿಯಂ ಮಾಸ್ತರು. ಸುತ್ತಲಿನ ಹಳ್ಳಿಗಳಲ್ಲಿ ಬಯಲಾಟ ಕಲಿಸೋದು, ಜಾತ್ರೆಗಳಲ್ಲಿ ನಾಟಕಕ್ಕೆ ಪೇಟಿ ಬಾರಿಸೋದು, ಇದೇ ಅವರ ಜೀವನ. ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಯ ನಾಟಕದಲ್ಲಿ ಬೆಳಗಿನ ಜಾವದ ತನಕ ಬಾರಿಸಿ, ಅಲ್ಲೇ ಟೀ ಕುಡಿದು ಮೊದಲನೇ ಬಸ್ಸಿಗೆ ಬರ್ತಿದ್ದರಂತೆ. ನಾಟಕದ ಸುಭದ್ರಮ್ಮ ಮನ್ಸೂರರ ಹಾಡುಗಾರಿಕೆ ಅಂದ್ರೆ ಅವರಿಗೆ ಪ್ರಾಣ. 2020ರಲ್ಲಿ ಅವರು ತೀರಿಕೊಂಡ ದಿನ ತಾತ ಪೇಟಿ ಮುಂದೆ ಕೂತು ಒಂದೇ ಸ್ವರ ಹಿಡಿದುಕೊಂಡು ಸುಮ್ಮನೆ ಗಾಳಿ ಹಾಕ್ತಿದ್ದರು ಅಂತ ಅಮ್ಮ ಹೇಳ್ತಿರ್ತಾಳೆ.

ಎರಡು ವರ್ಷದ ಹಿಂದೆ ತಾತನಿಗೆ ಲಕ್ವ ಹೊಡೀತು. ಬಲಗಡೆಗೆ ಏನೂ ಆಗ್ಲಿಲ್ಲ, ಮಾತೂ ಸರಿಹೋಯ್ತು. ಎಡಗೈ ಮಾತ್ರ ಬರಲೇ ಇಲ್ಲ, ಎಡಗಾಲು ಸ್ವಲ್ಪ ಎಳೀತದೆ. ಹಾರ್ಮೋನಿಯಂನಲ್ಲಿ ಬಲಗೈ ಬಾರಿಸ್ತದೆ, ಎಡಗೈ ಗಾಳಿ ಹಾಕ್ತದೆ. ಬೆರಳೆಲ್ಲ ನೆಟ್ಟಗಿವೆ, ಗಾಳಿ ಇಲ್ಲ. ಪೇಟಿ ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರ್ತು. ಅಮ್ಮ ಪಕ್ಕದಲ್ಲಿ ಕೂತು ಗಾಳಿ ಹಾಕೋಕೆ ನೋಡಿದಳು. “ನನ್ನ ಉಸಿರು ನೀ ಹೆಂಗ ಎಳೀತೀ ತಾಯಿ” ಅಂದು ಎದ್ದುಬಿಟ್ಟರಂತೆ.

ಈ ಸಲ ರಜಕ್ಕೆ ಹೋದಾಗ ಲ್ಯಾಪ್‌ಟಾಪು, ಪುಟ್ಟ ಕೀಬೋರ್ಡು ತೊಗೊಂಡೇ ಹೋದೆ. ಇದಕ್ಕೆ ಗಾಳೀನೇ ಬೇಡವಲ್ಲ! ಒಂದೇ ಕೈ ಸಾಕು. ತಾತನ ಮುಂದಿಟ್ಟು, ನನ್ನ ಅತೀ ದೊಡ್ಡ, ಅತೀ ಗುಡುಗೋ ನಾದ ಹಚ್ಚಿಕೊಟ್ಟೆ. ತಾತ ಸ ಒತ್ತಿದರು. ಹಿಂದೆ ಸಮುದ್ರ, ಮೇಲೆ ಗಂಟೆ, ನಡುವೆ ತಾನಾಗೇ ಓಡೋ ಸ್ವರಗಳು...

ಕೈ ತೆಗೆದರು. “ಲೇ ತಮ್ಮಾ, ನಾ ಒಂದ್ ಮನಿ ಒತ್ತಿದ್ರ ಇದು ಹತ್ತು ಮನಿ ಬಾರಿಸ್ತೈತಿ. ಒಳಗ ಯಾರೋ ಕುಂತಾರ. ಅವರ ಬಾರಿಸ್ಲಿ ಬಿಡು.”

ಸರಿ ಅಂತ ಸರಳವಾದದ್ದು ಹಾಕಿದೆ. ನಾಲ್ಕು ಸ್ವರ ಓಡಿಸಿದರು. “ತಡ ಆಗ್ತೈತಿ. ನಾ ಮುಂದ ಹೋದೆ, ಇದು ಹಿಂದ ಬರಾಕತ್ತೈತಿ.” ಆಮೇಲೆ ಒಂದೇ ಸ್ವರ ಹಿಡಿದು ಕೇಳಿ, “ಇದು ಉಸಿರ ತೊಗೊಳ್ಳಂಗಿಲ್ಲಲೇ. ಹೆಣದಂಗೈತಿ” ಅಂದರು.

ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ರಾತ್ರಿ ಮಾಳಿಗೆ ಮೇಲೆ ಮಲಗಿ ಯೋಚಿಸ್ತಾ ಇದ್ರೆ, ನಾಲ್ಕು ವರ್ಷದಿಂದ ನನಗೇ ಹೇಳೋಕೆ ಬಾರದ್ದನ್ನ ತಾತ ಐದು ನಿಮಿಷದಲ್ಲಿ ಹೇಳಿಬಿಟ್ಟಿದ್ದರು. ಒಂದು, ನಾನು ಮಾಡೋಕೆ ಏನೂ ಉಳಿಸದ ನಾದ. ಎರಡು, ತಡ. ಮೂರು, ಉಸಿರು. ಮೂರೂ ಬಗ್ಸು ಅಂತ ಬರೆದುಕೊಂಡೆ :)

ತಡದ್ದು ಸುಲಭ. ಕಂಪ್ಯೂಟರ್ ಸದ್ದನ್ನ ಕಂತು ಕಂತಾಗಿ ಲೆಕ್ಕ ಮಾಡಿ ಕಳಿಸ್ತದೆ. ನನ್ನ ಕಂತು 1024 ಸ್ಯಾಂಪಲ್ಲಿನದು. ಸೆಕೆಂಡಿಗೆ 44,100 ಸ್ಯಾಂಪಲ್ ಅಂದ್ರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿಗೆ ಗಾಳಿಯಲ್ಲಿ ಶಬ್ದ ಎಂಟು ಮೀಟರ್ ಹೋಗಿರ್ತದೆ. ಅಂದ್ರೆ ನಾನು ತಾತನಿಗೆ ಎಂಟು ಮೀಟರ್ ಆಚೆ ಇಟ್ಟ ಪೇಟಿಯನ್ನ ಬಾರಿಸು ಅಂದಿದ್ದೆ! 128ಕ್ಕೆ ಇಳಿಸಿದೆ, ಮೂರು ಮಿಲಿಸೆಕೆಂಡಿಗಿಂತ ಕಡಿಮೆ ಆಯ್ತು.

ಉಸಿರಿನದು ಹೇಗೆ? ಕೀಬೋರ್ಡಿನ ಪಕ್ಕದಲ್ಲಿ ಒಂದು ಚಕ್ರ ಇರ್ತದೆ, ಅದರಿಂದ ನಾದ ಏರಿಸಿ ಇಳಿಸಬಹುದು. ಆದ್ರೆ ಅದೂ ಎಡಗೈದೇ ಕೆಲಸ.

ಬೆಳಿಗ್ಗೆ ತಾತನೇ ಅಂದರು: “ಕಾಲಿನ ಪೇಟಿ ಆಗಿದ್ರ ನೋಡಬಹುದಿತ್ತು.” ನಾಟಕ ಕಂಪನಿಗಳಲ್ಲಿ ಇರ್ತಿತ್ತಲ್ಲ, ಕಾಲಲ್ಲಿ ತುಳಿಯೋ ದೊಡ್ಡ ಹಾರ್ಮೋನಿಯಂ, ಅದು. ಹಾರ್ಮೋನಿಯಂ ಹುಟ್ಟಿದ್ದೇ ಯೂರೋಪಿನಲ್ಲಿ, ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳಿಯೋ ವಾದ್ಯವಾಗಿ. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂರೋ ನಮ್ಮವರಿಗಾಗಿ ತಿದಿಯನ್ನ ಹಿಂದಕ್ಕೆ ತಂದು ಕೈಗೆ ಕೊಟ್ಟ. ಕುರುಗೋಡಿನಲ್ಲಿ ತಾತನ ಹಳೇ ಜೊತೆಗಾರರೊಬ್ಬರ ಮನೆಯಲ್ಲಿ ಒಂದು ಕಾಲಿನ ಪೇಟಿ ಇದೆ ಅಂತ ಗೊತ್ತಾಗಿ, ಕಾರು ಮಾಡಿಕೊಂಡು ಕರೆದುಕೊಂಡು ಹೋದೆ.

ಪೇಟಿ ಇತ್ತು. ಹಿತ್ತಲ ಕೋಣೆಯಲ್ಲಿ, ಅಕ್ಕಿ ಚೀಲದ ಪಕ್ಕದಲ್ಲಿ. ತಿದಿಯನ್ನ ಇಲಿ ತಿಂದು ಹಾಕಿದ್ದವು. ತುಳಿದರೆ ಬುಸ್ ಅಂತ ಧೂಳು ಬಂತು, ಅಷ್ಟೇ. ನಾನೂ ಆ ಮನೆಯವರೂ ಇದನ್ನ ಯಾರು ರಿಪೇರಿ ಮಾಡ್ತಾರೆ ಅಂತ ಮಾತಾಡ್ತಾ ನಿಂತಿದ್ದೆವು. ತಿರುಗಿ ನೋಡಿದ್ರೆ ತಾತ ಸ್ಟೂಲ್ ಎಳೆದುಕೊಂಡು ಕೂತು, ಸದ್ದೇ ಬರದ ಆ ಪೆಟ್ಟಿಗೆ ಮೇಲೆ ಬಾರಿಸ್ತಾ ಇದ್ದಾರೆ. ಮನೆಗಳು ಟಕ ಟಕ ಅನ್ನೋದಷ್ಟೇ ಕೇಳ್ತಿತ್ತು. ಬಲಗಾಲು ಲಯಕ್ಕೆ ತುಳೀತಾನೇ ಇತ್ತು.

ನಾನು ಆ ಕಾಲನ್ನೇ ನೋಡ್ತಾ ನಿಂತೆ.

ಮಾರನೇ ದಿನ ಬಳ್ಳಾರಿಯಲ್ಲಿ ಬಿಸಿಲಲ್ಲಿ ಸುತ್ತಿದೆ. ವಾದ್ಯದ ಅಂಗಡಿಗಳಲ್ಲಿ ತಬಲಾ, ಡೋಲಕ್ಕು, ಹಾರ್ಮೋನಿಯಂ ಎಲ್ಲಾ ಇದ್ದವು, ನನಗೆ ಬೇಕಾದ ಎಕ್ಸ್‌ಪ್ರೆಶನ್ ಪೆಡಲ್ ಇರಲಿಲ್ಲ. ಎಲ್ಲರೂ ತೋರಿಸಿದ್ದು ಒತ್ತಿದ್ರೆ ಹತ್ತೋ, ಬಿಟ್ಟರೆ ಆರೋ ಸಸ್ಟೇನ್ ಪೆಡಲ್. ಸ್ವಿಚ್ಚಿಗೆ ಉಸಿರು ಎಲ್ಲಿಂದ ಬರಬೇಕು? ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ, ಐದು ದಿನ ಹಿಡೀತು. ನನ್ನ ಕೀಬೋರ್ಡಿನ ಹಿಂದೆ ಅದನ್ನ ಸಿಕ್ಕಿಸೋಕೆ ಒಂದು ತೂತಿದೆ ಅನ್ನೋದನ್ನ ಮೂರು ವರ್ಷದಿಂದ ನಾನು ನೋಡೇ ಇರಲಿಲ್ಲ ಅನ್ನೋದು ಬೇರೆ ಮಾತು!

ಆ ಐದು ದಿನ ನಾದ ಕಟ್ಟಿದೆ. 61ರಲ್ಲಿ ಆರಿಸಿಕೊಂಡದ್ದು ಸರ್ಜ್. ಅದನ್ನ ಬರೆದಾತ 2018ರಲ್ಲಿ ಓಪನ್ ಸೋರ್ಸ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ. ಈಗ ಸರ್ಜ್ ಎಕ್ಸ್‌ಟಿ ಅನ್ನೋ ಹೆಸರಲ್ಲಿ ಸ್ವಯಂಸೇವಕರು ಬೆಳೆಸ್ತಿದ್ದಾರೆ. ಅಟ್ಟದಿಂದ ತಾತನ ಪೇಟಿ ಇಳಿಸಿ, ನಾನೇ ಗಾಳಿ ಹಾಕಿ ಒಂದೊಂದೇ ಸ್ವರ ಕೇಳಿದೆ. ಒಂದು ಮನೆ ಒತ್ತಿದರೆ ಎರಡು ರೀಡು ನುಡೀತವೆ, ಒಂದು ಖರಜದ್ದು, ಒಂದು ಮೇಲಿನದು. ಅವು ಲೆಕ್ಕಕ್ಕೆ ಸರಿಯಾಗಿ ಕೂಡೋದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ. ಆ ವ್ಯತ್ಯಾಸದಿಂದಲೇ ನಾದ ಸಣ್ಣಗೆ ಅಲೆಯಾಡ್ತದೆ. ಸಿಂಥಿನಲ್ಲೂ ಎರಡು ಆಸಿಲೇಟರ್ ತೊಗೊಂಡು ಒಂದನ್ನ ಚೂರೇ ಚೂರು ಬೇಸುರ ಮಾಡಿದೆ. ಕೆಳಗಿನ ಸ್ವರಗಳು ಏಳೋದು ತುಸು ನಿಧಾನ, ಅದನ್ನೂ ಹಾಗೇ ಇಟ್ಟೆ. ಗಾಳಿ ಹೆಚ್ಚಾದರೆ ಪೇಟಿಯ ಸದ್ದು ಜೋರಾಗೋದಷ್ಟೇ ಅಲ್ಲ, ಮೊನಚೂ ಆಗ್ತದೆ. ಅದಕ್ಕೆ ಪೆಡಲನ್ನ ವಾಲ್ಯೂಮಿಗೂ ಫಿಲ್ಟರಿಗೂ ಒಟ್ಟಿಗೇ ಕಟ್ಟಬೇಕು ಅಂತ ಗುರುತು ಹಾಕಿಟ್ಟೆ.

ಪೆಡಲ್ ಬಂತು. ತಾತ ಕುರ್ಚಿ ಮೇಲೆ ಕೂತು ಬಲಗಾಲಿಟ್ಟರು. ನಾನು ಹೇಳಿದೆ, “ತಾತ, ಒಮ್ಮೆ ಒತ್ತಿ ಹಿಡಿದರೆ ಸಾಕು, ಅಲ್ಲೇ ನಿಲ್ತದೆ.” ತಾತ ಕೇಳಬೇಕಲ್ಲ! ಐವತ್ತು ವರ್ಷದ ಅಭ್ಯಾಸ, ತುಳಿಯೋಕೆ ಶುರು ಮಾಡಿದರು. ಕಾಲು ಮುಂದೆ ಹೋದಾಗ ಸದ್ದು ಬಂತು, ಹಿಂದೆ ಬಂದಾಗ ಸತ್ತುಹೋಯ್ತು. “ತಿದಿ ಹರಿದೈತೇನಲೇ? ಗಾಳಿ ನಿಲ್ಲಂಗಿಲ್ಲ.”

ನಗು ಬಂತು, ಆಮೇಲೆ ಹೊಳೀತು. ತಿದಿ ಅಂದ್ರೆ ಬರೀ ತಳ್ಳೋದಲ್ಲ, ತಳ್ಳಿದ ಗಾಳಿಯನ್ನ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳೋದು. ಅಲ್ಲೇ ಕೂತು ಪೆಡಲಿಗೂ ಸಿಂಥಿಗೂ ನಡುವೆ ನಲವತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಅದರಲ್ಲಿ “ಗಾಳಿ” ಅಂತ ಒಂದೇ ಅಂಕಿ, 0ಯಿಂದ 127ರ ತನಕ. ಕಾಲು ಮುಂದೆ ತಳ್ಳಿದರೆ ಏರ್ತದೆ, ಹಿಂದೆ ಬಂದರೆ ಏನೂ ಆಗಲ್ಲ. ಆದ್ರೆ ಸದಾ ಸೋರ್ತಿರ್ತದೆ. 10 ಮಿಲಿಸೆಕೆಂಡಿಗೊಮ್ಮೆ 0.97ರಿಂದ ಗುಣಿಸಿದೆ. ಕಾಲು ನಿಂತ ಸೆಕೆಂಡಿಗೆ ನೂರಕ್ಕೆ ಐದೂ ಉಳಿಯಲಿಲ್ಲ. “ಸೋರ್ತೈತಿ” ಅಂದರು. 0.98 ಮಾಡಿದೆ. “ಇನ್ನಾ.” 0.99. ಈಗ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಳೀತು. ತಾತ ಏನೂ ಹೇಳಲಿಲ್ಲ.

ಹೇಳಲಿಲ್ಲ ಯಾಕಂದ್ರೆ ಬಾರಿಸ್ತಾ ಇದ್ದರು.

ಬಯಲಾಟದ ಯಾವುದೋ ಮಟ್ಟು. ಮೊದಲು ಎರಡು ಸಲ ತಡವರಿಸಿದರು, ಮೂರನೇ ಸಲ ಕಾಲೂ ಬೆರಳೂ ಕೂಡಿದವು. ಸ್ವರ ಏರೋವಾಗ ಉಬ್ಬಿ, ನಿಲ್ಲೋ ಕಡೆ ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು... ಅಡಿಗೆಮನೆಯಿಂದ ಅಮ್ಮ ಸೌಟು ಹಿಡಕೊಂಡೇ ಬಂದು ಬಾಗಿಲಲ್ಲಿ ನಿಂತಳು. ನಾನು ಜಂಬಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಗುಂಡಿ ತೋರಿಸಿದೆ. ಹಾರ್ಮೋನಿಯಂಗೆ ಜಾರೋಕೆ ಬರಲ್ಲ, ಮೀಂಡ್ ಬರಲ್ಲ ಅನ್ನೋದು ಅದರ ಮೇಲಿನ ದೊಡ್ಡ ಆಪಾದನೆ. ಆಕಾಶವಾಣಿಯವರು 1940ರಿಂದ 1971ರ ತನಕ ಅದನ್ನ ಒಳಗೇ ಬಿಟ್ಟುಕೊಳ್ಳದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ತಾತ ಒಂದು ಸಲ ಜಾರಿಸಿ ನೋಡಿ, “ಬ್ಯಾಡ ತೆಗಿ. ಜಾರದಂಗ ಬಾರಿಸಿ ಜಾರಿದಂಗ ಕೇಳಸ್ಬೇಕು, ಅದಾ ಮಜಾ” ಅಂದರು.

ನನಗೆ ಬೇಕಿದ್ದ ಉತ್ತರ ಅಲ್ಲೇ ಇತ್ತು. ಒಂದು ಸಿಂಥಿನಲ್ಲಿ ಎಷ್ಟು ಸಾವಿರ ನಾದ ಇವೆ ಅನ್ನೋದರಿಂದ ಬಾರಿಸೋ ಆಸೆ ಹುಟ್ಟಲ್ಲ. ಮುಟ್ಟಿದ ತಕ್ಷಣ ಓ ಅನ್ನಬೇಕು. ನನ್ನ ಮೈಯ ಏನನ್ನಾದರೂ ಅದು ಕೇಳಬೇಕು, ಕೊಡದಿದ್ದರೆ ಸುಮ್ಮನಾಗಬೇಕು. ಅದಕ್ಕೆ ಬಾರದ ಒಂದೆರಡು ವಿಷಯ ಇರಬೇಕು, ಅದನ್ನ ನಾನು ತುಂಬೋ ಹಾಗೆ. ಜಪಾನಿನ ಇಚಿರೋ ತೋಡಾ ಉಚಿತವಾಗಿ ಕೊಟ್ಟ ಸಿಂಥ್1 ಬಂದು ಇಪ್ಪತ್ತು ವರ್ಷದ ಮೇಲಾದ್ರೂ ಜನ ಯಾಕೆ ಬಿಡಲ್ಲ ಅನ್ನೋದು ಈಗ ಅರ್ಥ ಆಗ್ತದೆ. ಎಲ್ಲಾ ಗುಂಡಿಗಳೂ ಒಂದೇ ಪರದೆಯಲ್ಲಿ, ನಾಲ್ಕು ದಿನದಲ್ಲಿ ಕೈಗೆ ಬಾಯಿಪಾಠ.

ವಾಪಸ್ ಬರೋವಾಗ ಹಳೇ ಲ್ಯಾಪ್‌ಟಾಪು, ಕೀಬೋರ್ಡು, ಪೆಡಲ್ ಅಲ್ಲೇ ಬಿಟ್ಟು ಬಂದೆ. ಬೆಂಗಳೂರಿಗೆ ಬಂದು 59 ಸಿಂಥ್ ಅಳಿಸಿದೆ. ಉಳಿದದ್ದು ಸರ್ಜ್ ಮತ್ತು ಸಿಂಥ್1. ಹಾಡು ಇನ್ನೂ ಮುಗಿದಿಲ್ಲ, ಆದ್ರೆ ಮೊದಲನೇ ಸಲ ಒಂದು ಶುರುವಾಗಿ ಅರ್ಧಕ್ಕೆ ಬಂದಿದೆ. ಅದರ ಕೆಳಗೆ ತಾತನ ಹನ್ನೊಂದು ನಿಮಿಷದ ರೆಕಾರ್ಡಿಂಗ್ ಇದೆ.

ನಿಮ್ಮ ಮನೆ ಅಟ್ಟದಲ್ಲೂ ಹೀಗೆ ಸುಮ್ಮನೆ ಕೂತ ಪೇಟಿ ಇದ್ರೆ ಒಮ್ಮೆ ಇಳಿಸಿ ನೋಡಿ. ಏನಾಯ್ತು ಅಂತ ನನಗೂ ಹೇಳಿ.

ತಾ.ಕ: ಇದನ್ನ ಬರೀತಾ ಇರೋವಾಗ ಅಮ್ಮನ ಫೋನು. “ನಿಮ್ಮ ತಾತ ಬೆಳಿಗ್ಗೆಯಿಂದ ಒಂದೇ ಸಮ, ಗಾಳಿ ಇನ್ನೂ ಸ್ವಲ್ಪ ಸೋರ್ತೈತಿ ಅಂತಾರಪ್ಪ.” ಫೈಲ್ ತೆಗೆಸಿ, ಸಾಲು ಹುಡುಕಿಸಿ, 0.99 ಇದ್ದದ್ದನ್ನ 0.993 ಮಾಡಿಸಿದೆ. ಹಿಂದಿನಿಂದ ಪೇಟಿ ಸದ್ದು ಕೇಳ್ತು. ಅಮ್ಮ ಫೋನ್ ಇಡೋದನ್ನ ಮರೆತಳು, ನಾನೂ ಇಡಲಿಲ್ಲ.