ಅ ಅಂದರೆ ಅನಾರ್

ನಮ್ಮ ಮನೆಯಲ್ಲಿ ಹಳೆಯ ಬಟ್ಟೆಯನ್ನು ಎಸೆಯುವ ಪದ್ಧತಿ ಇಲ್ಲ. ಹರಿದ ಸೀರೆ ಕೌದಿಗೆ ಹೋಗುತ್ತದೆ. ಕೌದಿಗೂ ಆಗದ ಚೂರು ದಿಂಬಿನೊಳಕ್ಕೆ. ಅದಕ್ಕೂ ಸಲ್ಲದ್ದು ಮಸಿಬಟ್ಟೆಯಾಗಿ ಒಲೆಯ ಪಕ್ಕದಲ್ಲಿ ಕೂರುತ್ತದೆ. ಅತ್ತೆಯವರ ತಗಡಿನ ಟ್ರಂಕಿನಲ್ಲಿ ಮೂವತ್ತು ವರ್ಷಗಳ ಈದ್‌ಗಳ ತುಣುಕುಗಳಿವೆ. ಇದು ನಿನ್ನ ಗಂಡ ಏಳನೇ ಕ್ಲಾಸಿನಲ್ಲಿ ಹಾಕಿದ್ದ ಕಮೀಜು, ಇದು ನಿನ್ನ ನಿಕಾಹ್‌ಗೆ ಬಂದವರು ಕೊಟ್ಟ ಕಣ, ಎಂದು ಅವರು ಒಂದೊಂದನ್ನೂ ಎತ್ತಿ ಹೇಳಬಲ್ಲರು.

ನಾವು ಎಂದರೆ ಈ ಮನೆಯ ಮೂವರು ಹೆಂಗಸರು. ಅತ್ತೆ, ಓರಗಿತ್ತಿ, ಮತ್ತೆ ಈ ಬರೆಯುತ್ತಿರುವ ಕೈ. ಇಲ್ಲಿ ಬರೆದಿರುವುದೆಲ್ಲ ಮೂವರೂ ಸೇರಿ ಮಾಡಿದ್ದಾದ್ದರಿಂದ ಹೀಗೇ ಬರೆಯುವುದು ನ್ಯಾಯ.

ಹೊಲಿಗೆ ನಮಗೆ ಎಂದೂ ಕಲೆಯೆನಿಸಿದ್ದಿಲ್ಲ. ಕುರ್‌ಆನ್‌ಗೆ ಹೊದಿಸುವ ಜುಜ್‌ದಾನ್, ತಟ್ಟೆಗೆ ಮುಚ್ಚುವ ಖಾನ್‌ಪೋಶ್, ಕ್ರೋಶಾ ಸೂಜಿಯಲ್ಲಿ ಹೆಣೆದ ಟೋಪಿ, ಬಾಣಂತಿ ಮನೆಗೆ ಕಳಿಸುವ ಪುಟ್ಟ ಕೌದಿ ಇವೆಲ್ಲ ಮಧ್ಯಾಹ್ನದ ನಿದ್ದೆಯನ್ನು ಕಡಿಮೆ ಮಾಡಿಕೊಂಡು ಮಾಡಿ ಮುಗಿಸುವ ಕೆಲಸಗಳು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಕೌದಿಗೆ ಚೀಟಿ ಅಂಟಿಸಿ ಸಾವಿರಾರು ರೂಪಾಯಿಗೆ ಮಾರುವುದನ್ನು ಕಂಡು ಅತ್ತೆಯವರು ನಕ್ಕದ್ದೇ ನಕ್ಕದ್ದು. ‘ಹಾಗಾದರೆ ನಾವು ಲಕ್ಷಾಧೀಶರು’ ಎಂದರು.

ಹೇಳಬೇಕಾದದ್ದು ಗುಡಿಯಾಳ ವಿಷಯ. ಓರಗಿತ್ತಿಯ ಮಗಳು. ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ರೂಢಿಯಿದೆ. ಮೊದಲ ಪಾಠದ ದಿನ ಅದು. ಗುಡಿಯಾ ಅಂದು ಹಿರಿಯರು ಹೇಳಿಕೊಟ್ಟದ್ದನ್ನೆಲ್ಲ ಗಿಳಿಯಂತೆ ಹೇಳಿ, ಹಂಚಲು ಇಟ್ಟಿದ್ದ ಮಿಠಾಯಿಯಲ್ಲಿ ಎರಡು ಪಾಲು ತಿಂದು, ಬಂದವರಿಗೆಲ್ಲ ಕಥೆ ಹೇಳಿದ್ದಳು. ಬಾಯಿ ಮುಚ್ಚಿಸುವುದೇ ಕಷ್ಟವಾಗಿದ್ದ ಮಗು. ಆ ಜೂನಿನಲ್ಲಿ ಪಟ್ಟಣದ ಒಂದು ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸಿದೆವು. ಸೆಪ್ಟೆಂಬರಿನಲ್ಲಿ ಡೈರಿಯಲ್ಲಿ ಒಂದು ಸಾಲು ಬಂತು: ಮಗು ಮಾತನಾಡುವುದಿಲ್ಲ, ವೈದ್ಯರಿಗೆ ತೋರಿಸಿ.

ಓರಗಿತ್ತಿ ಆ ರಾತ್ರಿ ಊಟ ಮಾಡಲಿಲ್ಲ. ಮನೆಯಲ್ಲಿ ಅದೇ ಮಗು ಅದೇ ಹೊತ್ತಿನಲ್ಲಿ ಬೆಕ್ಕಿಗೆ ಬೈಯುತ್ತಿತ್ತು!

ಸಂಗತಿ ತಿಳಿದದ್ದು ಪಕ್ಕದ ಮನೆಯ ಗೌಡರ ಮೊಮ್ಮಗಳಿಂದ. ಅವಳೂ ಅದೇ ತರಗತಿ. ಶಾಲೆ ಶುರುವಾದ ಮೊದಲ ವಾರ ಟೀಚರು ಒಬ್ಬೊಬ್ಬರನ್ನೇ ನಿಲ್ಲಿಸಿ ‘ಅ ಅಂದರೆ?’ ಎಂದು ಕೇಳಿದರಂತೆ. ಅರಸ, ಅಗಸ ಎಂದು ಮಕ್ಕಳು ಹೇಳಿದವು. ಗುಡಿಯಾ ‘ಅನಾರ್’ ಎಂದಳು. ತರಗತಿ ನಕ್ಕಿತು. ಟೀಚರು ‘ತಪ್ಪು, ಕೂತ್ಕೋ’ ಎಂದರು. ಅವಳು ಕೂತಳು, ಮತ್ತೆ ಏಳಲಿಲ್ಲ.

ನಾವು ಮೂವರೂ ಅಂದು ಬಹಳ ಹೊತ್ತು ಆ ‘ತಪ್ಪು’ ಎಂಬ ಮಾತನ್ನೇ ಕುರಿತು ಮಾತಾಡಿದೆವು. ಉರ್ದು ಕಾಯಿದಾದ ಮೊದಲ ಪುಟದಲ್ಲೇ ಅಲಿಫ್‌ಗೆ ಅನಾರ್, ಅಂದರೆ ದಾಳಿಂಬೆ, ಕೂತಿದೆ. ಕೇಳಿದ ಸದ್ದಿಗೆ ಮಗು ಕೊಟ್ಟ ಸದ್ದು ಸರಿಯಾಗಿಯೇ ಇದೆ. ತಪ್ಪಾದದ್ದೆಂದರೆ ಆ ಹಣ್ಣಿಗೆ ನಮ್ಮ ಮನೆಯಲ್ಲಿರುವ ಹೆಸರು. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಮಂದಿಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತಮ್ಮ ತಾಯ್ನುಡಿ ಉರ್ದು ಎಂದು ಬರೆಸಿದ್ದಾರೆ. ಬರೆಸುವುದು ಉರ್ದು, ಆಡುವುದು ಬಹುಪಾಲು ದಖನಿ. ‘ನಕ್ಕೊ’, ‘ಹೋನಾ’, ‘ಕಾಯ್ಕು’ ಎನ್ನುವ ಈ ಭಾಷೆಗೆ ಉರ್ದು ಪಂಡಿತರ ಮನೆಯಲ್ಲೂ ಚಾಪೆ ಹಾಸುವವರಿಲ್ಲ, ಕನ್ನಡ ತರಗತಿಯಲ್ಲೂ ಇಲ್ಲ. ಎರಡೂ ಶಾಲೆಗಳಲ್ಲಿ ಓದಿದ ನಮಗೆ ಎರಡೂ ಕಡೆಯ ನಗು ಗೊತ್ತು.

ಜಗಳಕ್ಕೆ ಹೋಗೋಣವೆಂದು ಓರಗಿತ್ತಿ ಬುರ್ಖಾ ತೊಟ್ಟು ನಿಂತಿದ್ದಳು. ಅತ್ತೆಯವರು ಟ್ರಂಕು ತೆರೆದರು.

ಮೊದಲು ಹೊಲಿದದ್ದು ‘ಅ’. ಕನ್ನಡದ ಅಕ್ಷರ ಬರೆಯಲು ಚೆಂದ, ಹೊಲಿಯಲು ಶತ್ರು. ಎಲ್ಲ ಕಡೆಯೂ ಗುಂಡಗೆ. ಬಟ್ಟೆಯ ಕೊಳವೆ ಹೊಲಿದು, ಒಳಹೊರಗು ಮಾಡಿ, ಬೂರುಗದ ಹತ್ತಿ ತುರುಕಿ ಬಗ್ಗಿಸಿದರೆ ಅದು ಅಕ್ಷರವಾಗುವ ಬದಲು ಎರೆಹುಳುವಾಗುತ್ತಿತ್ತು. ನಾಲ್ಕನೆಯ ಸಲ ಸರಿಹೋಯಿತು. ವ್ಯಂಜನಕ್ಕೆ ಬಂದಾಗ ಓರಗಿತ್ತಿಗೆ ಒಂದು ಉಪಾಯ ಹೊಳೆಯಿತು. ‘ಕ’ದ ತಲೆಕಟ್ಟನ್ನು ಬೇರೆಯಾಗಿ ಹೊಲಿದು ಟಿಚ್ ಬಟನ್ ಹಾಕಿದಳು. ತಲೆಕಟ್ಟು ಕಿತ್ತು ಗುಡಿಸು ಒತ್ತಿದರೆ ‘ಕಿ’. ಪಕ್ಕಕ್ಕೆ ಕೊಂಬು ಒತ್ತಿದರೆ ‘ಕು’. ಬಾಯಿಪಾಠ ಮಾಡಿ ಮಾಡಿ ನಾವು ಕಲಿತ ಕಾಗುಣಿತ ಟಿಕ್ ಟಿಕ್ ಎಂದು ಕೈಯಲ್ಲಿ ಕೂತಿತು.

ಉರ್ದುವಿನದ್ದು ಬೇರೆ ಲೆಕ್ಕ. ಅಲ್ಲಿ ಒಂದು ದೋಣಿ ಹೊಲಿದರೆ ಸಾಕು. ಕೆಳಗೊಂದು ಗುಂಡಿ ಇಟ್ಟರೆ ಬೇ, ಮೂರಿಟ್ಟರೆ ಪೇ. ಮೇಲೆ ಎರಡಿಟ್ಟರೆ ತೇ, ಮೂರಿಟ್ಟರೆ ಸೇ. ಮಾವನವರ ಹಳೆಯ ಶೇರ್ವಾನಿಯ ಗುಂಡಿಗಳಿಗೆ ಹೀಗೆ ಒಂದು ಗತಿ ದೊರೆಯಿತು. ಗುಡಿಯಾ ಗುಂಡಿಗಳನ್ನು ಅತ್ತಿತ್ತ ಓಡಿಸುತ್ತ ದಿನಕ್ಕೆ ಹತ್ತು ಸಲ ಅಕ್ಷರದ ಹೆಸರು ಬದಲಿಸುತ್ತಿದ್ದಳು.

ಇದನ್ನು ನಾವೇನೂ ಕಂಡುಹಿಡಿದದ್ದಲ್ಲ. ಮಗು ಕೈಯಿಂದ ಕಲಿಯುತ್ತದೆ ಎಂಬುದನ್ನು ನಮಗಿಂತ ದೊಡ್ಡವರು ಹೇಳಿದ್ದಾರೆ. ಉರುಟು ಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೇ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಅದಕ್ಕೂ ಮುಂಚೆ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದ ನಂತರ ಒಂದು ಸಮಿತಿಯಾಯಿತು. ಅದರ ಅಧ್ಯಕ್ಷರು ಜಾಮಿಯಾ ಮಿಲ್ಲಿಯಾದ ಡಾ. ಜಾಕಿರ್ ಹುಸೇನ್. ಏಳು ವರ್ಷದ ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ, ಒಂದು ಕೈಕಸುಬಿನ ಸುತ್ತ ಎಂದು ಆ ಯೋಜನೆ ಹೇಳಿತು. ನೂಲುವ ತಕಲಿಯೊಂದಿಗೆ ಲೆಕ್ಕವೂ ಭೂಗೋಳವೂ ಬರಬೇಕೆಂಬ ಲೆಕ್ಕಾಚಾರ. 1967ರಲ್ಲಿ ರಾಷ್ಟ್ರಪತಿಯಾದ ಈ ಮನುಷ್ಯ ಉರ್ದುವಿನಲ್ಲಿ ಮಕ್ಕಳಿಗಾಗಿ ಅಬ್ಬೂ ಖಾನನ ಮೇಕೆಯ ಕಥೆ ಬರೆದವರು ಎಂಬುದು ನಮ್ಮ ಉರ್ದು ಶಾಲೆಯಲ್ಲಿ ಓದಿದವರಿಗೆ ಗೊತ್ತು. ಕೈಕಸುಬು ಕಲಿಸಿದರೆ ಮಕ್ಕಳು ಕೂಲಿಗಳಾಗುತ್ತಾರೆಂದು ಆಗ ಟೀಕಿಸಿದವರಿದ್ದರು. ಈಗ ‘ಆ್ಯಕ್ಟಿವಿಟಿ’ ಎಂಬ ಹೆಸರಿನಲ್ಲಿ ಅದಕ್ಕೇ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ.

ಅಕ್ಷರಗಳ ಜೊತೆಗೆ ಇನ್ನೊಂದು ಆಟ ಶುರುವಾಯಿತು. ಮನೆಯಲ್ಲಿರುವ ಯಾವ ವಸ್ತುವಿಗೆ ಎರಡೂ ಭಾಷೆಯಲ್ಲಿ ಒಂದೇ ಹೆಸರು? ಕುರ್ಚಿ, ಮೇಜು, ಕಾಗದ, ಚಾಕು, ರುಮಾಲು, ಗುಲಾಬಿ, ಶಾಯಿ. ಅತ್ತೆಯವರು ‘ದೌತಿ’ ಎಂದರು. ದೌತಿ ಯಾರ ಮನೆಯಲ್ಲೂ ಇಲ್ಲದ ಕಾಲವಿದು, ಆದರೂ ಒಪ್ಪಿಕೊಂಡೆವು. ಗುಡಿಯಾ ಗೋಡೆಯಿಂದ ಗೋಡೆಗೆ ಓಡಿ ‘ಮೇಜು! ಮೇಜು!’ ಎಂದು ಕೂಗುತ್ತಿದ್ದಳು. ತರಗತಿಯ ಅರ್ಧ ಸಾಮಾನಿನ ಹೆಸರು ತನಗೆ ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ದೊಡ್ಡ ಸುದ್ದಿ. ಆದರೂ ಮನೆಯ ಹೊಸಿಲು ದಾಟಿದರೆ ಬಾಯಿ ಬೀಗ.

ಆಗ ನಮಗೆ ಹೋಟೆಲಿನ ಯೋಚನೆ ಬಂತು. ಮಗು ಹಸಿದಾಗ ಮಾತಾಡಲೇಬೇಕಲ್ಲ.

ಹೋಟೆಲೆಂದರೆ ನಮ್ಮ ಚಿಕ್ಕಂದಿನಲ್ಲಿ ಅಬ್ಬಾ ತರುತ್ತಿದ್ದ ಪೊಟ್ಟಣ. ಬಾಳೆಲೆ, ಅದರ ಮೇಲೆ ಪತ್ರಿಕೆ, ಅದರ ಮೇಲೆ ದಾರ. ದೋಸೆ ಬಿಚ್ಚುವಷ್ಟರಲ್ಲಿ ಅದು ಮೆತ್ತಗಾಗಿ ಪತ್ರಿಕೆಯ ಸುದ್ದಿಯನ್ನೂ ಒಂದಿಷ್ಟು ಹೀರಿಕೊಂಡಿರುತ್ತಿತ್ತು. ಗರಿಗರಿ ದೋಸೆ ಎಂಬುದು ಗಂಡಸರಿಗೆ ಮಾತ್ರ ಗೊತ್ತಿದ್ದ ರುಚಿ. ಆಮೇಲೆ ಪರದೆ ಹಾಕಿದ ‘ಫ್ಯಾಮಿಲಿ ರೂಮು’ ಬಂತು. ಅತ್ತೆಯವರು ಪರದೆಯಿಲ್ಲದ ಮೇಜಿನ ಮುಂದೆ ಮೊದಲ ಸಲ ಕೂತದ್ದು ಅರವತ್ತು ದಾಟಿದ ಮೇಲೆ. ಈಗ ನೋಡಿ, 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಚಿಂತೆಯೂ ಇಲ್ಲ. ಗಂಡಸರ ಜೇಬು ಕೇಳದೆ ಹೊರಡಬಹುದು.

ಮಂಡ್ಯದಿಂದ ಮದ್ದೂರು, ಅಲ್ಲಿಂದ ಚನ್ನಪಟ್ಟಣ ಎಂದು ಒಂದು ಭಾನುವಾರ ಹೊರಟೆವು. ಬಸ್ಸಿನ ಕಿಟಕಿಯೇ ಪಾಠಶಾಲೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತಲ್ಲ, ಅದರ ಲಾಭ ಗುಡಿಯಾಳಿಗೂ ಆಯಿತು. ‘ಬೇಕರಿ’ಯ ಬೇ ಕಂಡಾಗ ‘ನಮ್ಮನೇ ಬೇ!’ ಎಂದಳು. ದೋಣಿ ಬೇರೆ, ಸದ್ದು ಒಂದೇ.

ಮದ್ದೂರಿನ ಹಳೆಯ ರಸ್ತೆಯ ಒಂದು ಹೋಟೆಲಿನಲ್ಲಿ ಕೂತೆವು. ಅವಳ ಪರವಾಗಿ ಯಾರೂ ಬಾಯಿ ಬಿಡಬಾರದೆಂದು ಮೊದಲೇ ಒಪ್ಪಂದವಾಗಿತ್ತು. ಸಪ್ಲೈಯರ್, ಐವತ್ತರ ಆಸುಪಾಸಿನವರು, ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿ, ‘ಪಾಪು, ನಿಂಗೇನ್ ಕೊಡ್ಲಿ?’ ಎಂದರು.

ಗುಡಿಯಾ ನಮ್ಮನ್ನು ನೋಡಿದಳು. ನಾವು ನೀರಿನ ಲೋಟಗಳನ್ನು ನೋಡಿದೆವು. ಪಕ್ಕದ ಮೇಜಿಗೆ ಎರಡು ಕಾಫಿ ಹೋಯಿತು. ಕೊನೆಗೆ, ಬಹಳ ಸಣ್ಣ ದನಿಯಲ್ಲಿ, ‘ದೋಸೆ... ಹೋನಾ.’

ನಾವು ಉಸಿರು ಬಿಗಿಹಿಡಿದೆವು. ಆತ ನಗಲಿಲ್ಲ. ‘ಸಾದಾ ಹೋನಾ, ಮಸಾಲಾ ಹೋನಾ?’

‘ಮಸಾಲಾ. ಚಟ್ನಿ ನಕ್ಕೊ.’

‘ಆಯ್ತು, ಚಟ್ನಿ ನಕ್ಕೊ. ಸಾಂಬಾರು ಬೇಕಾ?’

‘ಬೇಕು.’

ಓರಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಿಲ್ಲು ಕೊಡುವಾಗ ವಿಚಾರಿಸಿದೆವು. ಆತ ಹುಡುಗನಾಗಿದ್ದಾಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು. ‘ರೀಲರ್ ಸಾಬರ ಹತ್ರ ಕೂಲಿ ಇಸ್ಕೊಬೇಕಾದ್ರೆ ಈ ಭಾಷೆ ಬರ್ಲೇಬೇಕಲ್ಲಾ ತಾಯಿ’ ಎಂದರು. ಮಗುವಿಗೆ ಮದ್ದೂರು ವಡೆಯೊಂದನ್ನು ಕಟ್ಟಿಕೊಟ್ಟು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಒಂದು ಮನೆಗೆ ಹೋದೆವು. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಮೇಲೆ ಒಣಗಿದ ಕೇದಗೆ ಗರಿ ಒತ್ತಿದರೆ ಮಿರುಗುತ್ತದೆ. ಗುಡಿಯಾ ಕಣ್ಣು ಮಿಟುಕಿಸದೆ ನಿಂತಿದ್ದಳು. ಆಕೆಯ ಕಣ್ಣೆದುರೇ ಒಂದು ಬುಗುರಿ ಹುಟ್ಟಿತು. 2006ರ ಹೊತ್ತಿಗೇ ಈ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಕಾರುಗಳೆಲ್ಲ ಊರ ಹೊರಗಿನಿಂದಲೇ ಹಾರಿಹೋಗತೊಡಗಿದ ಮೇಲೆ ರಸ್ತೆಬದಿಯ ಅಂಗಡಿಗಳಿಗೆ ಪೆಟ್ಟು ಬಿದ್ದಿದೆ. ‘ಕಾರಿನವರು ಬರೋದು ನಿಂತ್ರು, ಬಸ್ಸಿನವರು ಇಳಿದ್ರೆ ಉಂಟು’ ಎಂದರು ಅಂಗಡಿಯ ಬೂಬಮ್ಮ. ನಾವು ಇಳಿದಿದ್ದೆವು. ಬುಗುರಿಯೊಂದಿಗೆ ಮಣಿಗಳ ಲೆಕ್ಕದ ಚೌಕಟ್ಟನ್ನೂ ಕೊಂಡೆವು.

ಮರುದಿನ ಅಕ್ಷರಗಳ ಚೀಲವನ್ನು ಶಾಲೆಗೆ ಒಯ್ದೆವು. ಆಟದ ಸಾಮಾನು ಮನೆಯಲ್ಲೇ ಇರಲಿ ಎಂಬ ಉತ್ತರ ಬಂತು. ಜೊತೆಗೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂಬ ಸಲಹೆ. ಅತ್ತೆಯವರಿಗೆ!

ದಸರಾ ರಜೆ ಮುಗಿದ ಮೇಲೆ ಗುಡಿಯಾ ಆ ಶಾಲೆಗೆ ಹೋಗಲಿಲ್ಲ. ನಮ್ಮ ಬೀದಿಯ ಅಂಗನವಾಡಿಗೆ ಸೇರಿಸಿದೆವು. ನೆಂಟರಿಷ್ಟರಲ್ಲಿ ಇದು ದೊಡ್ಡ ಮಾತಾಯಿತು. ವ್ಯಾಪಾರ ನೆಲಕಚ್ಚಿತಂತೆ ಎಂದರು, ಹೆಣ್ಣುಮಗುವೆಂದು ಉದಾಸೀನವೆಂದರು. ಕಟ್ಟಿದ ಶುಲ್ಕ ವಾಪಸು ಬರಲಿಲ್ಲ, ಅದರ ನೋವು ಮೈದುನರಿಗೆ ಇನ್ನೂ ಇದೆ. ಕರ್ನಾಟಕದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ. ಅಷ್ಟು ವರ್ಷಗಳಿಂದ ಈ ಮಹಿಳೆಯರು ಗೌರವಧನದ ಮೇಲೆ ಊರ ಮಕ್ಕಳನ್ನು ಸಾಕುತ್ತಿದ್ದಾರೆ, ಆದರೂ ‘ಓದಿಸುವವರು’ ಎಂದು ಅವರನ್ನು ಕರೆಯಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. ನಮ್ಮ ಬೀದಿಯ ಕಾರ್ಯಕರ್ತೆ ಚೀಲವನ್ನು ಚಾಪೆಯ ಮೇಲೆ ಸುರಿದು ತಾವೇ ಮೊದಲು ಆಡಿದರು. ಅವರಿಗೊಂದು ಅಭ್ಯಾಸವಿದೆ. ಯಾವ ವಸ್ತು ತೋರಿಸಿದರೂ ಹೆಸರು ಹೇಳುವ ಮೊದಲು ‘ನಿಮ್ಮನೇಲಿ ಇದಕ್ಕೆ ಏನಂತೀರಾ?’ ಎಂದು ಕೇಳುತ್ತಾರೆ. ದಾಳಿಂಬೆಯ ದಿನ ಅನಾರ್ ಬಂತು, ತಮಿಳು ಮನೆಯ ಹುಡುಗನಿಂದ ಮಾದುಳೈ ಬಂತು.

ಈಗ ಬೇರೊಂದು ತಕರಾರು ಎದ್ದಿದೆ. ಗುಡಿಯಾ ಮನೆಯಲ್ಲೂ ಕನ್ನಡ ಬಿಡುವುದಿಲ್ಲ. ಮೊನ್ನೆ ಅತ್ತೆಯವರು ಇನ್ನೊಂದು ರೊಟ್ಟಿಗೆ ‘ನಕ್ಕೊ’ ಎಂದಾಗ, ‘ನಕ್ಕೊ ಅಲ್ಲ ದಾದೀಮಾ, ಬೇಡ ಅನ್ನಬೇಕು’ ಎಂದು ತಿದ್ದಿದಳು. ಓರಗಿತ್ತಿ ನಕ್ಕಳು. ಅತ್ತೆಯವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡೂ ಅನ್ನು, ಯಾರು ಬೇಡ ಅಂತಾರೆ’ ಎಂದರು, ದಖನಿಯಲ್ಲೇ.

ಅಂಗನವಾಡಿಯಿಂದ ಇನ್ನೆರಡು ಚೀಲ ಬೇಕೆಂದು ಹೇಳಿಕಳಿಸಿದ್ದಾರೆ. ಟ್ರಂಕಿನ ಬಟ್ಟೆ ತಳ ಕಂಡಿದೆ. ಮೂಲೆಯ ದರ್ಜಿಯ ಅಂಗಡಿಯಿಂದ ಚೂರುಪಾರು ತರುತ್ತಿದ್ದೇವೆ. ಉರ್ದು ದೋಣಿಗಳು ಮುಗಿದಿವೆ. ಒತ್ತಕ್ಷರ ಮಾತ್ರ ಕಷ್ಟ, ಅಡಿಯಲ್ಲಿ ನೇತಾಡಿಸಿದರೆ ಮಕ್ಕಳು ಕಿತ್ತುಹಾಕುತ್ತವೆ. ಕೊಕ್ಕೆ ಹಾಕಿ ನೋಡೋಣವೆಂದು ಓರಗಿತ್ತಿ ಹೇಳುತ್ತಿದ್ದಾಳೆ.